ಆನೆ ಧುಮುಕಿದ ಹೊಳೆ

ಜರ್ಮನಿಯ ಪಶ್ಚಿಮ ಭಾಗದಲ್ಲಿ ವುಪ್ಪರ್ ಎಂಬ ಪುಟ್ಟ ನದಿಯಿದೆ. ಮಾರಿಯನ್‌ಹೈಡೆ ಊರಿನ ಬಳಿಯ ಗುಡ್ಡಗಳಲ್ಲಿ ಹುಟ್ಟುವ ಇದಕ್ಕೆ ಅಲ್ಲಿ ವಿಪ್ಪರ್ ಎಂದು ಹೆಸರು. ಮುಂದೆ ಹೋದಂತೆ ವುಪ್ಪರ್ ಆಗುತ್ತದೆ. ಸುಮಾರು 116 ಕಿ.ಮೀ. ಬಳಸಿ ಹರಿದು, ಲೆವರ್‌ಕೂಸನ್ ನಗರದಲ್ಲಿ ರೈನ್ ಮಹಾನದಿಯನ್ನು ಸೇರುತ್ತದೆ. ಹೊಳೆ ಚಿಕ್ಕದಾದರೂ ಅದು ಮಾಡಿದ ದುಡಿಮೆ ದೊಡ್ಡದು.

ಈ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ನೂಲನ್ನು ನೆನೆಸಿ, ದಡದ ಹುಲ್ಲಿನ ಮೇಲೆ ಬಿಸಿಲಿಗೆ ಹರವಿ ಬೆಳ್ಳಗೆ ಮಾಡಲು ಇದು ಹೇಳಿ ಮಾಡಿಸಿದಂತಿತ್ತು. 1527ರಲ್ಲಿ ಬಾರ್ಮೆನ್ ಮತ್ತು ಎಲ್ಬರ್‌ಫೆಲ್ಡ್ ಊರುಗಳಿಗೆ ಈ ಕಸುಬಿನ ವಿಶೇಷ ಹಕ್ಕೇ ದೊರೆಯಿತು. ಕೆಳಗಿನ ಜೋಲಿಂಗನ್‌ನಲ್ಲಿ ಇದೇ ನೀರು ಚಕ್ರ ತಿರುಗಿಸಿತು. ಆ ಚಕ್ರ ಸಾಣೆಕಲ್ಲನ್ನು ತಿರುಗಿಸಿತು. ಹಾಗೆ ಹರಿತಗೊಂಡ ಕತ್ತಿ, ಚಾಕುಗಳಿಂದ ಆ ಊರು ಜಗತ್ಪ್ರಸಿದ್ಧವಾಯಿತು.

ನೂಲಿನ ಹಿಂದೆಯೇ ಬಣ್ಣದ ಕಾರ್ಖಾನೆಗಳು ಬಂದವು. ಬಾರ್ಮೆನ್‌ನಲ್ಲಿ ಹುಟ್ಟಿದ ಫ್ರೆಡ್ರಿಕ್ ಎಂಗೆಲ್ಸ್ 1839ರಲ್ಲಿ, ಇನ್ನೂ 18 ವರ್ಷದ ಹುಡುಗನಾಗಿದ್ದಾಗಲೇ, ಬಣ್ಣ ಹಾಕುವ ಮನೆಗಳಿಂದ ನದಿ ಕೆಂಪಾಗಿ ಹರಿಯುವುದನ್ನು ಕುರಿತು ಬರೆದಿದ್ದಾನೆ. ಅನ್ನ ಕೊಟ್ಟ ಹೊಳೆಯೇ ಊರಿನ ಕೊಳೆ ಹೊರುವ ಚರಂಡಿಯಾಯಿತು.

ಜನ ಹೆಚ್ಚಿದರು. ಇಕ್ಕಟ್ಟಾದ ಕಣಿವೆಯಲ್ಲಿ ರೈಲಿಗೆ ಜಾಗವೆಲ್ಲಿ? ನದಿಯ ಮೇಲೇ ಹಳಿ ಕಟ್ಟಿದರು! 1901ರಲ್ಲಿ ಶುರುವಾದ ಈ ರೈಲು ಹಳಿಯ ಮೇಲೆ ಓಡುವುದಿಲ್ಲ. ಹಳಿಗೆ ಜೋತುಬಿದ್ದು ಓಡುತ್ತದೆ. ಒಟ್ಟು 13.3 ಕಿ.ಮೀ. ದಾರಿಯಲ್ಲಿ ಸುಮಾರು 10 ಕಿ.ಮೀ. ನದಿಯ ಮೇಲೆಯೇ ಇದೆ. ಈಗ ಅಕ್ಕಪಕ್ಕದ ಆ ಊರುಗಳೆಲ್ಲ ಸೇರಿ ವುಪ್ಪರ್‌ಟಾಲ್, ಎಂದರೆ ವುಪ್ಪರ್ ಕಣಿವೆ, ಎಂಬ ಒಂದೇ ನಗರವಾಗಿವೆ.

1950ರ ಜುಲೈ 21ರಂದು ಸರ್ಕಸ್‌ನವರು ಪ್ರಚಾರಕ್ಕೆಂದು ಟುಫಿ ಎಂಬ ಮರಿಯಾನೆಯನ್ನು ಈ ರೈಲಿಗೆ ಹತ್ತಿಸಿದರು. ಪಾಪ, ಅದು ಬೆದರಿ ಬೋಗಿಯ ಗೋಡೆ ಒಡೆದು ನದಿಗೆ ಧುಮುಕಿತು. ಪುಣ್ಯಕ್ಕೆ ಸಣ್ಣಪುಟ್ಟ ತರಚುಗಾಯಗಳಷ್ಟೇ ಆದವು!

ಕೆಟ್ಟ ನದಿಯನ್ನು ಸರಿಪಡಿಸುವುದು ಒಂದು ಊರಿನ ಕೆಲಸವಲ್ಲ. ಮೇಲಿನವರು ಕೊಳೆ ಬಿಟ್ಟರೆ ಕೆಳಗಿನವರು ಎಷ್ಟು ಶುದ್ಧಗೊಳಿಸಿದರೂ ವ್ಯರ್ಥ. ಅದಕ್ಕಾಗಿ 1930ರಲ್ಲಿ ಇಡೀ ನದಿಗೆ ಒಂದೇ ಸಂಘ ರಚನೆಯಾಯಿತು. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳು ಬಂದವು. ಮಳೆಗಾಲದ ಪ್ರವಾಹ ತಡೆದು, ಬೇಸಿಗೆಯಲ್ಲಿ ನೀರು ಬಿಡಲು ಅಣೆಕಟ್ಟುಗಳೂ ಎದ್ದವು. ಕೊಳೆ ತೊಳೆಯಲು ಹಲವು ದಶಕಗಳೇ ಬೇಕಾದವು.

ಈಗ ವುಪ್ಪರ್‌ಗೆ ಮೀನು ಮರಳಿವೆ. ಮೇಲೆ ರೈಲು ಓಡುತ್ತಿದ್ದರೆ, ಕೆಳಗೆ ಬೂದುಬಣ್ಣದ ಬಕಪಕ್ಷಿ ಆಳವಿಲ್ಲದ ನೀರಿನಲ್ಲಿ ಬೇಟೆಗೆ ಕಾದು ನಿಂತಿರುತ್ತದೆ.