ನಮ್ಮ ಗುರುತಿನ ಕಾವಲು



ಈ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ನೀವು ಕೇಳಿಕೊಂಡಾಗ, ಹಿತವಚನಗಳಿಗಿಂತ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುವದು ಲೇಸೆಂದು ನನಗೆ ತೋರಿತು.

ಇನ್ನಂಜೆಯ ನಮ್ಮ ಮನೆಯಲ್ಲಿ ನನ್ನ ತಾಯಿಯವರು ಬಹು ಕಾಲದಿಂದ ಮಲ್ಲಿಗೆಯ ಗಿಡಗಳನ್ನು ಸಾಕಿಕೊಂಡು ಬಂದಿದ್ದಾರೆ. ಎಂಟು ನೂರು ಹೂಗಳನ್ನು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡುಗಳಾದರೆ ಒಂದು ಅಟ್ಟೆ. ಹೀಗೆ ಹೂವು ಹೂವಾಗಿ ಕೂಡಿಸಿದ ಹಣವನ್ನು ಅವರು ಬೇಂಕಿನಲ್ಲಿ ಇಟ್ಟಿದ್ದರು. 2023ರ ಸೆಪ್ಟೆಂಬರ್ ತಿಂಗಳಲ್ಲಿ ಪಾಸ್‌ಪುಸ್ತಕವನ್ನು ಬರೆಯಿಸಿದಾಗ, ಎರಡು ಸಲ ಹತ್ತು ಹತ್ತು ಸಾವಿರ ರೂಪಾಯಿಗಳು ಹೊರಟು ಹೋಗಿರುವದು ಕಂಡು ಬಂತು.

ತಾಯಿಯವರೊಂದಿಗೆ ಬೇಂಕಿಗೆ ಹೋಗಿ ಬರುತ್ತಿದ್ದವಳು ನೆರೆಮನೆಯ ಹುಡುಗಿ, ನಮ್ಮ ಶಾಲೆಯ ಒಂಭತ್ತನೆಯ ತರಗತಿಯ ವಿದ್ಯಾರ್ಥಿನಿ. ನನ್ನ ಸಂಶಯವು ನೆಟ್ಟಗೆ ಅವಳ ಮೇಲೆ ಹೋಯಿತು. ಕೋಣೆಗೆ ಕರೆಯಿಸಿ ಕೇಳಿದೆನು. “ಟೀಚರ್, ನಾನು ಅಜ್ಜಿಯ ಕೈ ಹಿಡಿದುಕೊಂಡು ಹೋದದ್ದು ಮಾತ್ರ,” ಎಂದಳು. ಮರುದಿನ ಅವಳು ಶಾಲೆಗೆ ಬರಲಿಲ್ಲ.

ಮೂರನೆಯ ದಿನ ನಾನು ಬೇಂಕಿಗೆ ಹೋಗಿ ವಿಚಾರಿಸಲು, ಆ ಹಣವು ದೂರದ ಊರೊಂದರಲ್ಲಿ ಬೆರಳಚ್ಚಿನ ಯಂತ್ರದ ಮೂಲಕ ತೆಗೆಯಲ್ಪಟ್ಟಿತ್ತೆಂದು ತಿಳಿಯಿತು. ಬೇಂಕಿನ ಹೆಸರು, ಹನ್ನೆರಡು ಅಂಕೆಗಳ ಆಧಾರ್ ಸಂಖ್ಯೆ, ಬೆರಳಚ್ಚು, ಈ ಮೂರಿದ್ದರೆ ಸಾಕು. ಕಾರ್ಡಾಗಲಿ ಒಟಿಪಿಯಾಗಲಿ ಬೇಕಾಗಿಲ್ಲ. ಮೊಗ್ಗು ಕೊಯ್ದು ಸವೆದ ನನ್ನ ತಾಯಿಯವರ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರವು ಎಷ್ಟೋ ಸಲ ಒಪ್ಪದೆ ಹಿಂದಕ್ಕೆ ಕಳುಹಿಸಿದ್ದುಂಟು. ಆದರೆ ಕಳ್ಳನು ಮಾಡಿದ ಬೆರಳನ್ನು ಆ ಇನ್ನೊಂದು ಯಂತ್ರವು ಒಪ್ಪಿತು!

ಅದೇ ವರುಷದ ಅಕ್ಟೋಬರಿನಲ್ಲಿ ಮಂಗಳೂರಿನ ಪೊಲೀಸರು ಇಂಥ ಕಳವುಗಳ ವಿಷಯದಲ್ಲಿ ಬಿಹಾರದ ಮೂವರನ್ನು ಹಿಡಿದರು. ಆಸ್ತಿ ನೋಂದಣಿಯ ‘ಕಾವೇರಿ 2.0’ ಜಾಲತಾಣದಿಂದ ದಸ್ತಾವೇಜುಗಳ ಪ್ರತಿಗಳನ್ನು ಪಡೆದು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಉಪಯೋಗಿಸಿದರೆಂದು ಪೊಲೀಸರು ತಿಳಿಸಿದರು. ನನ್ನ ತಾಯಿಯವರ ಬೆರಳಚ್ಚು ಯಾವ ದಾರಿಯಿಂದ ಹೋಯಿತೋ ಅದು ಗೊತ್ತಾಗಲಿಲ್ಲ.

ಆದಿಕಾಂಡದ ಕಥೆಯನ್ನು ನೀವು ಬಲ್ಲಿರಿ. ಯಾಕೋಬನು ಆಡುಮರಿಯ ಚರ್ಮವನ್ನು ಕೈಗೆ ಸುತ್ತಿಕೊಂಡು ಅಣ್ಣನಂತೆ ತಂದೆಯ ಮುಂದೆ ನಿಂತನು. ಕುರುಡನಾಗಿದ್ದ ಇಸಾಕನು ಸ್ವರದಲ್ಲಿ ಭೇದವನ್ನು ಕಂಡರೂ ಕೈಯನ್ನು ಮುಟ್ಟಿ ನಂಬಿದನು. ಯಂತ್ರವೂ ಆ ಮುದುಕನಂತೆಯೇ, ಮುಟ್ಟಿದ್ದನ್ನು ನಂಬುತ್ತದೆ.

ಆದದರಿಂದ ಕೆಲವು ಕಾರ್ಯಗಳನ್ನು ತಪ್ಪದೆ ಮಾಡತಕ್ಕದ್ದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಹಿರಿಯರ ಬೆರಳಚ್ಚಿಗೆ ಬೀಗ ಹಾಕಿರಿ. ಪಡಿತರಕ್ಕೆ ಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ಇದಕ್ಕೆ ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಿಸಿರಬೇಕು. ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮರೆಮಾಡಿದ ಆಧಾರನ್ನು ಕೊಡಿರಿ. ಅದರ ಮೇಲೆ ಯಾವ ಕಾರ್ಯಕ್ಕೆಂದು ತಾರೀಕು ಸಹಿತ ಬರೆಯಿರಿ. ಒಟಿಪಿಯನ್ನು ಯಾರಿಗೂ ಹೇಳಕೂಡದು. ನಿಮ್ಮ ಹೆಸರಿನ ಸಿಮ್ಮನ್ನು ಯಾರಿಗೂ ಕೊಡಕೂಡದು. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ಬೇಂಕಿಗೂ ಬರೆದು ಕೊಡಿರಿ. ಖಾತೆದಾರನ ತಪ್ಪಾಗಲಿ ಬೇಂಕಿನ ತಪ್ಪಾಗಲಿ ಇಲ್ಲದೆ ಹಣ ಹೋದಲ್ಲಿ, ಬೇಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲವೆಂದು ರಿಸರ್ವ್ ಬೇಂಕು 2017ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿತು. ಅಂಥಾ ಬೆಲೆಯುಳ್ಳ ದಿನಗಳಲ್ಲಿ ಎರಡನ್ನು ನಾನು ಒಬ್ಬ ನಿರಪರಾಧಿಯನ್ನು ಸಂಶಯಿಸುವದರಲ್ಲಿ ಕಳೆದೆನು.

ಕೆಲವು ತಿಂಗಳುಗಳ ಮೇಲೆ ಹಣವು ತಿರಿಗಿ ಬಂತು. ಅದಕ್ಕೂ ಮುಂಚೆಯೇ, ಬೇಂಕಿಗೆ ಹೋದ ದಿನದ ಸಾಯಂಕಾಲ, ನಾನು ಆ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಯ ಮುಂದೆಯೇ ಕ್ಷಮೆಯನ್ನು ಬೇಡಿದೆನು. ಅವಳು ಒಂದು ಮಾತನ್ನೂ ಆಡದೆ ಒಳಗೆ ಹೋಗಿ ನನಗೆ ಚಹಾ ತಂದು ಕೊಟ್ಟಳು.

ಕಳ್ಳನು ನನ್ನ ತಾಯಿಯವರ ಬೆರಳನ್ನು ಕದ್ದನು. ನಾನಾದರೋ ಒಬ್ಬ ಮಗುವಿನ ಒಳ್ಳೇ ಹೆಸರನ್ನು ಎರಡು ದಿನ ಕಸುಕೊಂಡಿದ್ದೆನು. ಬೆರಳಿಗೆ ಬೀಗ ಹಾಕಲಿಕ್ಕೆ ಸಾಧ್ಯ. ಒಬ್ಬರ ಒಳ್ಳೇ ಹೆಸರಿಗೆ ಅಂಥಾ ಬೀಗವಿಲ್ಲ. ಅದನ್ನು ನಾವೇ ಒಬ್ಬರಿಗೊಬ್ಬರು ಕಾಯಬೇಕು.