ಚಕ್ರರತ್ನವೂ ಕ್ಷಿಪಣಿಯೂ

ಶ್ರಾವಕರ ಮನೆಯಲ್ಲಿ ಮಕ್ಕಳಿಗೆ ಉದ್ಯೋಗ ದೊರೆತ ದಿನವು ಸಂತಸದ ದಿನ. ಆದರೆ 2024ರ ಮಳೆಗಾಲದಲ್ಲಿ ಹುಬ್ಬಳ್ಳಿಯ ಹತ್ತಿ ವರ್ತಕರೊಬ್ಬರ ಮನೆಯಲ್ಲಿ ಅಂತಹ ದಿನವೊಂದು ಮೌನದಲ್ಲಿ ಕಳೆಯಿತು. ಯಂತ್ರವಿಜ್ಞಾನದಲ್ಲಿ ಪದವಿ ಪಡೆದ ಮೊಮ್ಮಗನಿಗೆ ಬೆಂಗಳೂರಿನ ಸಂಸ್ಥೆಯೊಂದರಿಂದ ನೇಮಕಪತ್ರ ಬಂದಿತ್ತು. ವೇತನ ಉತ್ತಮವಾಗಿತ್ತು, ಸಂಸ್ಥೆಗೆ ಒಳ್ಳೆಯ ಹೆಸರೂ ಇತ್ತು. ಅದು ಯುರೋಪಿನ ಯುದ್ಧವಿಮಾನಗಳಿಗೆ ಬಿಡಿಭಾಗಗಳನ್ನು ಸಿದ್ಧಪಡಿಸಿ ಕಳುಹಿಸುವ ಸಂಸ್ಥೆ. ಅವನು ಸೇರಬೇಕಾಗಿದ್ದ ವಿಭಾಗದಲ್ಲಿ ತಯಾರಾಗುತ್ತಿದ್ದುದು ರೆಕ್ಕೆಯ ಕೆಳಗೆ ಆಯುಧವನ್ನು ಹಿಡಿದಿಡುವ, ಚಾಲಕನು ಗುಂಡಿಯನ್ನು ಒತ್ತಿದೊಡನೆ ಅದನ್ನು ಬಿಟ್ಟುಬಿಡುವ ಕೊಂಡಿ.

ತಾಯಿಯು ಮಗನ ಪಕ್ಷ ವಹಿಸಿದಳು. ಗಡಿ ಕಾಯುವವರ ಕೈಯಲ್ಲಿ ಆಯುಧವಿಲ್ಲದಿದ್ದರೆ ಬಸದಿಯಲ್ಲಿ ಶಾಂತಿಧಾರೆ ಮಾಡುವವರು ಯಾರ ನೆರಳಿನಲ್ಲಿ ಕುಳಿತಾರು ಎಂಬುದು ಆಕೆಯ ವಾದ. ಅಜ್ಜಿ ವಾದಕ್ಕೆ ಇಳಿಯಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಎದ್ದವರು ಒಂದೇ ಮಾತು ಕೇಳಿದರು: "ಆ ಕೊಂಡಿ ಬಿಟ್ಟದ್ದು ಯಾರ ಮೇಲೆ ಬೀಳುತ್ತದೆ?" ಮೊಮ್ಮಗನಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷ ಅಂಗಡಿ ನಡೆಸಿದ ಹಿರಿಯರು ಸರಕನ್ನು ನೋಡದೆ ಬೆಲೆ ಹೇಳುವವರಲ್ಲ. ಸರಕು ಏನೆಂಬುದನ್ನು ಮೊದಲು ತಿಳಿಯೋಣ, ಒಪ್ಪುವುದೂ ಬಿಡುವುದೂ ಆಮೇಲೆ ಎಂದರು. ಒಂದು ತಿಂಗಳ ಕಾಲ ಅಜ್ಜ ಮೊಮ್ಮಗ ಇಬ್ಬರೂ ಸಂಜೆ ಕುಳಿತು ಓದಿದರು.

ಯುರೋಪಿನ ಇಂದಿನ ಯುದ್ಧವಿಮಾನಗಳಲ್ಲಿ ಮೂರು ಮುಖ್ಯವಾದವು. ಫ್ರಾನ್ಸಿನ ದಸೋ ಸಂಸ್ಥೆಯ ರಫೇಲ್, ಅದರ ಮೊದಲ ಮಾದರಿ ಹಾರಿದ್ದು 1986ರಲ್ಲಿ. ಸ್ವೀಡನ್ನಿನ ಸಾಬ್ ಸಂಸ್ಥೆಯ ಗ್ರಿಪೆನ್, ಮೊದಲ ಹಾರಾಟ 1988ರಲ್ಲಿ. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಈ ನಾಲ್ಕು ದೇಶಗಳು ಕೂಡಿ ಕಟ್ಟಿದ ಯುರೋಫೈಟರ್ ಟೈಫೂನ್, ಮೊದಲ ಹಾರಾಟ 1994ರಲ್ಲಿ. ಗ್ರಿಪೆನ್ ಮೂರರಲ್ಲಿ ಚಿಕ್ಕದು. ಅಗತ್ಯ ಬಿದ್ದರೆ ಹೆದ್ದಾರಿಯ ಮೇಲೆಯೇ ಇಳಿದು, ಒಬ್ಬ ತಂತ್ರಜ್ಞನ ಕೈಕೆಳಗಿನ ಐದಾರು ಯುವ ಸೈನಿಕರು ಹತ್ತು ನಿಮಿಷಗಳಲ್ಲಿ ಇಂಧನವನ್ನೂ ಕ್ಷಿಪಣಿಗಳನ್ನೂ ತುಂಬಿ ಮತ್ತೆ ಹಾರಿಸುವಂತೆ ಅದನ್ನು ರೂಪಿಸಲಾಗಿದೆ. ರಫೇಲಿನ ಸ್ವಂತ ತೂಕ ಸುಮಾರು 10 ಟನ್. ಅದು ಹೊರಗೆ ತೂಗುಹಾಕಿಕೊಂಡು ಹೊರಬಲ್ಲ ಭಾರ 9.5 ಟನ್. ತನ್ನ ತೂಕಕ್ಕೆ ಸರಿಸುಮಾರು ಸಮನಾದ ಭಾರವನ್ನು ಹದಿನಾಲ್ಕು ಕೊಂಡಿಗಳಲ್ಲಿ ಹೊತ್ತು ಹಾರುವ ಸಾಮರ್ಥ್ಯವುಳ್ಳದ್ದು ಎಂದು ಓದಿದಾಗ ಹಿರಿಯರು ಕನ್ನಡಕ ತೆಗೆದಿಟ್ಟರು. ಎತ್ತಿನ ಗಾಡಿಯ ಕಾಲದಿಂದ ಲಾರಿಯ ಕಾಲದವರೆಗೆ ಹೊರೆ ಹೇರಿಸಿದವರಿಗೆ ಆ ಲೆಕ್ಕದ ಅರ್ಥ ಬೇಗ ತಿಳಿಯುತ್ತದೆ. ಗಾಡಿ ಇರುವುದು ಹೊರೆಗಾಗಿ. ವಿಮಾನವನ್ನು ಅರಿಯಬೇಕಾದರೆ ರೆಕ್ಕೆಯ ಕೆಳಗೆ ನೋಡಬೇಕು.

ಅಲ್ಲಿ ತೂಗುವ ಆಯುಧಗಳಲ್ಲಿ ಮಿಟಿಯೋರ್ ಎಂಬ ಕ್ಷಿಪಣಿಯು ಆಕಾಶದಲ್ಲಿ ಶತ್ರುವಿಮಾನವನ್ನು ಹೊಡೆಯುವುದಕ್ಕಾಗಿ ಇರುವುದು. ಆರು ದೇಶಗಳು ಸೇರಿ ನಿರ್ಮಿಸಿದ ಇದು 2016ರಲ್ಲಿ ಮೊದಲು ಸ್ವೀಡನ್ನಿನ ಗ್ರಿಪೆನ್ ವಿಮಾನಗಳಲ್ಲಿ ಸೇವೆಗೆ ಬಂದಿತು. ಸಾಮಾನ್ಯ ಕ್ಷಿಪಣಿಯ ಇಂಧನ ಮೊದಲ ಕೆಲವು ಕ್ಷಣಗಳಲ್ಲೇ ಉರಿದು ಮುಗಿಯುತ್ತದೆ. ಉಳಿದ ದಾರಿಯನ್ನು ಅದು ಎಸೆದ ಕಲ್ಲಿನಂತೆ ಕ್ರಮಿಸುತ್ತ ಬಲಗುಂದುತ್ತದೆ. ಮಿಟಿಯೋರ್ ಹಾಗಲ್ಲ. ಎದುರಿನ ಗಾಳಿಯನ್ನೇ ಒಳಗೆಳೆದುಕೊಂಡು, ಬೇಕಾದಷ್ಟೇ ಇಂಧನವನ್ನು ಉರಿಸುತ್ತ, ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ಓಡಿಹೋಗುವವನನ್ನು ಹಿಡಿಯಲು ಬಲವನ್ನು ಉಳಿಸಿಕೊಂಡಿರುತ್ತದೆ. ಅದರ ವೇಗ ಶಬ್ದದ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ತಪ್ಪಿಸಿಕೊಳ್ಳಲಾಗದ ವಲಯ ಎಂಬುದೊಂದು ಪಾರಿಭಾಷಿಕ ಪದವೇ ಇದೆ. ಆ ವಲಯದೊಳಗೆ ಸಿಕ್ಕವನು ಯಾವ ದಿಕ್ಕಿಗೆ ತಿರುಗಿದರೂ ಕ್ಷಿಪಣಿ ಅವನನ್ನು ಮುಟ್ಟುತ್ತದೆ.

ನೆಲದ ಮೇಲಿನ ಗುರಿಗೆ ಬ್ರಿಟಿಷರು ಸ್ಟಾರ್ಮ್ ಶ್ಯಾಡೋ ಎಂದೂ ಫ್ರೆಂಚರು ಸ್ಕಾಲ್ಪ್ ಎಂದೂ ಕರೆಯುವ ಕ್ಷಿಪಣಿಯುಂಟು. ತೂಕ ಸುಮಾರು 1,300 ಕಿಲೋ, ವ್ಯಾಪ್ತಿ 250 ಕಿಲೋಮೀಟರಿಗೂ ಹೆಚ್ಚು. ನೆಲದ ಏರಿಳಿತಗಳನ್ನು ಅನುಸರಿಸುತ್ತ ತಗ್ಗಿನಲ್ಲಿ ಹಾರಿ, ಕೊನೆಯಲ್ಲಿ ತನ್ನ ಕಣ್ಣಿಗೆ ಕಂಡ ದೃಶ್ಯವನ್ನು ತನ್ನೊಳಗೆ ಮೊದಲೇ ಇರಿಸಿದ ಚಿತ್ರದೊಡನೆ ಹೋಲಿಸಿ ನೋಡಿ ಎರಗುತ್ತದೆ. ಅದರ ಸಿಡಿತಲೆಯ ಮೊದಲ ಸ್ಫೋಟ ಕಾಂಕ್ರೀಟನ್ನು ಭೇದಿಸುತ್ತದೆ. ಎರಡನೆಯದು ಒಳಹೊಕ್ಕು ಸಿಡಿಯುತ್ತದೆ. ಇದನ್ನು ಮೊದಲು ಬಳಸಿದ್ದು 2003ರಲ್ಲಿ ಇರಾಕಿನ ಮೇಲೆ. ಇದಕ್ಕೆ ಪ್ರತಿಯಾಗಿ ಬ್ರಿಮ್‌ಸ್ಟೋನ್ ಎಂಬುದು ಕೇವಲ 50 ಕಿಲೋ ತೂಗುವ ಚಿಕ್ಕ ಕ್ಷಿಪಣಿ. ಚಲಿಸುವ ವಾಹನವೊಂದನ್ನು ಹೊಡೆದು, ಪಕ್ಕದ ಮನೆಗೆ ಆದಷ್ಟು ಕಡಿಮೆ ಹಾನಿಯಾಗಲೆಂದು ಅದರ ಸಿಡಿತಲೆಯನ್ನು ಕೆಲವೇ ಕಿಲೋಗಳಿಗೆ ಮಿತಿಗೊಳಿಸಲಾಗಿದೆ. 2011ರಲ್ಲಿ ಲಿಬಿಯಾದಲ್ಲಿ ಅದನ್ನು ಹೆಚ್ಚಾಗಿ ಉಪಯೋಗಿಸಲು ಇದೇ ಕಾರಣ. ಇವೆಲ್ಲಕ್ಕೂ ಮೇಲಾಗಿ, ಫ್ರಾನ್ಸಿನ ರಫೇಲ್ ಪರಮಾಣು ಸಿಡಿತಲೆಯ ಕ್ಷಿಪಣಿಯನ್ನೂ ಹೊರುತ್ತದೆ. ಅಲ್ಲಿ ಪಕ್ಕದ ಮನೆಯ ಮಾತೇ ಇಲ್ಲ.

ಮೊಮ್ಮಗನು ಬ್ರಿಮ್‌ಸ್ಟೋನನ್ನು ತನ್ನ ವಾದಕ್ಕೆ ಆಧಾರವಾಗಿ ಹಿಡಿದನು. ಹಿಂದಿನ ಮಹಾಯುದ್ಧದಲ್ಲಿ ಒಂದು ಕಾರ್ಖಾನೆಯನ್ನು ಕೆಡವಲು ಇಡೀ ನಗರವನ್ನೇ ಸುಡುತ್ತಿದ್ದರು. ಈಗ ಒಂದು ಕಿಟಕಿಯನ್ನು ಆರಿಸಿ ಹೊಡೆಯಬಹುದು. ಗುರಿ ಸೂಕ್ಷ್ಮವಾದಷ್ಟೂ ಹಿಂಸೆ ಕಡಿಮೆಯಲ್ಲವೆ? ಹಿರಿಯರು ಇದನ್ನು ತಳ್ಳಿಹಾಕಲಿಲ್ಲ. ನೀರನ್ನು ಸೋಸಿ ಕುಡಿಯುವ, ನೆಲವನ್ನು ನೋಡಿ ನಡೆಯುವ ಧರ್ಮದಲ್ಲಿ ಹುಟ್ಟಿದವರು ಎಚ್ಚರಿಕೆಯ ಬೆಲೆಯನ್ನು ಅಲ್ಲಗಳೆಯಲಾರರು. ಉಳಿದ ಒಂದು ಜೀವವೂ ಉಳಿತಾಯವೇ. ಆದರೆ ಅಜ್ಜಿಯ ಪ್ರಶ್ನೆ ಬೇರೆಯಾಗಿತ್ತು. ಕ್ಷಿಪಣಿಯು ಎಲ್ಲಿ ಬೀಳಬೇಕೆಂಬುದನ್ನು ಬಲ್ಲುದು. ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಬಲ್ಲುದೆ?

ಇಲ್ಲಿ ಅವರಿಗೆ ಆದಿಪುರಾಣದ ಪ್ರಸಂಗ ನೆನಪಾಯಿತು. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದು, ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಸಾವಿರಾರು ಸೈನಿಕರು ಏಕೆ ಸಾಯಬೇಕೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲೂ ಸೋತ ಭರತನು ಕ್ರೋಧದಿಂದ ಚಕ್ರರತ್ನವನ್ನು ತಮ್ಮನ ಮೇಲೆ ಬಿಟ್ಟನು. ಆ ಚಕ್ರವು ಒಡೆಯನ ರಕ್ತಸಂಬಂಧಿಯನ್ನು ಕೊಲ್ಲಲೊಲ್ಲದೆ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಬಿಟ್ಟವನ ವಿವೇಕ ತಪ್ಪಿದರೂ ಆಯುಧದ ವಿವೇಕ ತಪ್ಪಲಿಲ್ಲ ಎಂಬುದು ಆ ಕಥೆಯ ಬೆರಗು.

ಮನುಷ್ಯ ನಿರ್ಮಿತ ಆಯುಧಕ್ಕೆ ಆ ಗುಣವಿಲ್ಲವೆಂಬುದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ಫ್ರಾನ್ಸ್ ತನ್ನ ಸೂಪರ್ ಎತಾಂದಾರ್ ವಿಮಾನಗಳನ್ನೂ ಎಕ್ಸೊಸೆಟ್ ಕ್ಷಿಪಣಿಗಳನ್ನೂ ಅರ್ಜೆಂಟೀನಾಕ್ಕೆ ಮಾರಿತ್ತು. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಬ್ರಿಟನ್ ಕಾದಾಡಿದವು. ಫ್ರಾನ್ಸ್ ಒಡನೆಯೇ ಉಳಿದ ಸರಬರಾಜನ್ನು ನಿಲ್ಲಿಸಿತು. ಆದರೆ ಅದಕ್ಕೆ ಮುನ್ನ ಐದು ಕ್ಷಿಪಣಿಗಳು ತಲುಪಿಯಾಗಿದ್ದವು. ಮೇ 4ರಂದು ಅವುಗಳಲ್ಲೊಂದು ಬ್ರಿಟನ್ನಿನ ಶೆಫೀಲ್ಡ್ ಎಂಬ ಯುದ್ಧನೌಕೆಗೆ ಬಡಿದು 20 ಮಂದಿ ನಾವಿಕರು ಸತ್ತರು. ಮಾರಿದವನ ಮಿತ್ರನೇ ಸತ್ತನು. ಕ್ಷಿಪಣಿಯು ಪ್ರದಕ್ಷಿಣೆ ಬರಲಿಲ್ಲ. 2003ರ ಮಾರ್ಚ್ 23ರಂದು ಇರಾಕ್ ಯುದ್ಧದಲ್ಲಿ ಇನ್ನೂ ವಿಷಾದಕರವಾದುದು ನಡೆಯಿತು. ದಾಳಿ ಮುಗಿಸಿ ಕುವೈತಿಗೆ ಮರಳುತ್ತಿದ್ದ ಬ್ರಿಟನ್ನಿನ ಟಾರ್ನೇಡೋ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಹೊಡೆದುರುಳಿಸಿತು. ಅದರಲ್ಲಿದ್ದ ಇಬ್ಬರೂ ಮಡಿದರು. ತಾನು ಮಿತ್ರನೆಂದು ಸಾರುವ ವಿದ್ಯುನ್ಮಾನ ಸಾಧನವು ಅಂದು ಆ ವಿಮಾನದಲ್ಲಿ ಕೆಲಸ ಮಾಡಿರಲಿಲ್ಲ. ಮಿತ್ರತ್ವವನ್ನು ಯಂತ್ರಕ್ಕೆ ಒಪ್ಪಿಸಿದಾಗ ಒಂದು ತಂತಿಯ ದೋಷವೂ ಅದನ್ನು ಅಳಿಸಿಬಿಡಬಹುದು.

ಆಯುಧಕ್ಕೆ ವಿವೇಕವಿಲ್ಲದ ಮೇಲೆ ಆ ಹೊಣೆ ಮನುಷ್ಯರದಾಗಬೇಕು. ಯಾವ ಮನುಷ್ಯರದು? ಇಲ್ಲಿ ಹಿರಿಯರಿಗೆ ತಮ್ಮ ವಾಣಿಜ್ಯ ವಿದ್ಯೆ ನೆರವಿಗೆ ಬಂದಿತು. ಟೈಫೂನಿನ ಎಡರೆಕ್ಕೆ ಇಟಲಿಯಲ್ಲಿ, ಬಲರೆಕ್ಕೆ ಸ್ಪೇನಿನಲ್ಲಿ, ಮುಂಭಾಗ ಬ್ರಿಟನ್ನಿನಲ್ಲಿ, ನಡುಭಾಗ ಜರ್ಮನಿಯಲ್ಲಿ ಸಿದ್ಧವಾಗುತ್ತದೆ. ಸ್ವೀಡನ್ನಿನ ಗ್ರಿಪೆನ್ ಹಾರುವುದು ಅಮೆರಿಕ ಮೂಲದ ಎಂಜಿನ್ನಿನಿಂದ. ಪಾಲುದಾರಿಕೆಯ ವ್ಯಾಪಾರದಲ್ಲಿ ಲಾಭವನ್ನು ಪಾಲಿನಂತೆ ಹಂಚಿಕೊಳ್ಳುತ್ತಾರೆ. ಸಾಲವಾದರೋ ಪ್ರತಿಯೊಬ್ಬ ಪಾಲುದಾರನೂ ಇಡೀ ಮೊತ್ತಕ್ಕೆ ಹೊಣೆ. ಆಯುಧದ ವ್ಯಾಪಾರದಲ್ಲಿ ಇದು ತಲೆಕೆಳಗಾಗುತ್ತದೆ. ಲಾಭವು ಎಲ್ಲರಿಗೂ ಸಲ್ಲುತ್ತದೆ, ಹೊಣೆಯು ಹಂಚುತ್ತ ಹಂಚುತ್ತ ಯಾರ ಕೈಯಲ್ಲೂ ಉಳಿಯದಷ್ಟು ತೆಳುವಾಗುತ್ತದೆ.

ಸೌದಿ ಅರೇಬಿಯ 2007ರಲ್ಲಿ 72 ಟೈಫೂನ್‌ಗಳನ್ನು ಕೊಳ್ಳಲು ಬ್ರಿಟನ್ನಿನೊಡನೆ ಒಪ್ಪಂದ ಮಾಡಿಕೊಂಡಿತು. 2015ರಿಂದ ಯೆಮೆನ್ ಯುದ್ಧದಲ್ಲಿ ಅವು ಹಾರಿದವು. ಅಲ್ಲಿ ಮಾರುಕಟ್ಟೆಗಳ ಮೇಲೂ ಮದುವೆಯ ಮನೆಗಳ ಮೇಲೂ ವಾಯುದಾಳಿಗಳಾದವು. 2019ರ ಜೂನಿನಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯವು, ಹಿಂದಿನ ದಾಳಿಗಳಲ್ಲಿ ಯುದ್ಧನಿಯಮಗಳ ಉಲ್ಲಂಘನೆಯಾಗಿತ್ತೇ ಎಂಬುದನ್ನು ಪರಿಶೀಲಿಸದೆಯೇ ಆಯುಧಗಳ ರಫ್ತಿಗೆ ಅನುಮತಿ ನೀಡಿದುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಮರುವರ್ಷ ಪರಿಶೀಲನೆ ಮುಗಿಯಿತೆಂದು ಸರ್ಕಾರ ಅನುಮತಿಗಳನ್ನು ಮತ್ತೆ ಆರಂಭಿಸಿತು. ಪಾಲುದಾರನಾದ ಜರ್ಮನಿಯು 2018ರಿಂದ ಸೌದಿಗೆ ಇನ್ನಷ್ಟು ಟೈಫೂನ್ ಮಾರುವುದನ್ನು ತಡೆದಿತ್ತು. 2024ರ ಜನವರಿಯಲ್ಲಿ ಆ ತಡೆಯನ್ನು ಸಡಿಲಿಸಿತು. ನಿರಾಕರಣೆ ಸಾಧ್ಯವೆಂಬುದನ್ನೂ ಅದು ಬಹುಕಾಲ ನಿಲ್ಲದೆಂಬುದನ್ನೂ ಈ ಒಂದು ಸಂಗತಿಯೇ ಹೇಳುತ್ತದೆ.

ಇಷ್ಟಾದ ಮೇಲೂ ತಾಯಿಯ ವಾದ ಉತ್ತರ ಬೇಡುತ್ತಲೇ ಇತ್ತು. ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಬಿಡಲೇಬೇಕು. ಆತ್ಮರಕ್ಷಣೆಗಾಗಿ, ಆಶ್ರಿತರ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಸಂಪೂರ್ಣ ನಿಷೇಧಿಸಿಲ್ಲ. ಶ್ರವಣಬೆಳಗೊಳದ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯೇ ಆಗಿದ್ದನು. ಭಾರತ 2016ರಲ್ಲಿ 36 ರಫೇಲ್‌ಗಳನ್ನು ಕೊಂಡುದು, ಅವುಗಳಲ್ಲಿ ಮೊದಲ ಐದು 2020ರ ಜುಲೈನಲ್ಲಿ ಅಂಬಾಲಾಕ್ಕೆ ಬಂದಿಳಿದುದು ದೇಶರಕ್ಷಣೆಗೆಂದೇ. ಆ ವಿಮಾನಗಳಲ್ಲಿ ಕುಳಿತು ಪ್ರಾಣವನ್ನು ಪಣಕ್ಕೊಡ್ಡುವವರನ್ನು ಮನೆಯ ಜಗಲಿಯಲ್ಲಿ ಕುಳಿತು ನಿಂದಿಸುವುದು ಧರ್ಮವಲ್ಲ.

ಆದರೆ ಸೇನಾಪತಿಗೆ ತಾನು ಯಾರೊಡನೆ, ಯಾವ ಕಾರಣಕ್ಕೆ ಕಾದುತ್ತಿರುವೆನೆಂದು ಗೊತ್ತಿರುತ್ತದೆ. ಆಯುಧವನ್ನು ಮಾಡಿ ಮಾರುವವನಿಗೆ ಅದು ಗೊತ್ತಿರುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವ ಹಿಂಸಾದಾನವನ್ನು ಬೇರೆಯಾಗಿಯೇ ಹೆಸರಿಸಿದುದು ಈ ಕಾರಣದಿಂದಲೇ ಇರಬೇಕು ಎಂದು ಹಿರಿಯರಿಗೆ ತೋರಿತು. ತಾನು ಕತ್ತಿಯೆತ್ತುವವನಿಗೆ ಅದನ್ನು ಒರೆಗೆ ಸೇರಿಸುವ ಅಧಿಕಾರವಾದರೂ ಉಳಿದಿರುತ್ತದೆ. ಕೊಟ್ಟುಬಿಟ್ಟವನಿಗೆ ಅದೂ ಇಲ್ಲ.

ಇದು ಒಂದು ಮನೆಯ ಪ್ರಶ್ನೆ ಮಾತ್ರವೆಂದು ವಾಚಕರು ಭಾವಿಸಬಾರದು. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ ಜಾಗ್ವಾರ್ ಯುದ್ಧವಿಮಾನವನ್ನು ಪರವಾನಗಿ ಪಡೆದು ಬೆಂಗಳೂರಿನಲ್ಲಿ ಕಟ್ಟಿದ ಎಚ್‌ಎಎಲ್ ಸಂಸ್ಥೆಯ ಷೇರುಗಳು 2018ರಿಂದ ಮಾರುಕಟ್ಟೆಯಲ್ಲಿವೆ. ಅಂತಹ ಷೇರುಗಳನ್ನು ಒಳಗೊಂಡ ಮ್ಯೂಚುವಲ್ ಫಂಡುಗಳಲ್ಲಿ ಹಣ ತೊಡಗಿಸಿದ ಶ್ರಾವಕ ಕುಟುಂಬಗಳೂ ಇರಬಹುದು. ಅವರ ದಾನದಿಂದ ನಡೆಯುವ ಬಸದಿಗಳ ಟ್ರಸ್ಟುಗಳೂ ಇರಬಹುದು. ಕಂದಮೂಲವನ್ನು ತಟ್ಟೆಯಿಂದ ದೂರವಿಟ್ಟವರು ತಮ್ಮ ಹಣ ಎಲ್ಲಿ ಬೇರೂರಿದೆಯೆಂದು ವರ್ಷಕ್ಕೊಮ್ಮೆ ನೋಡುವುದು ಹೆಚ್ಚಿನ ಶ್ರಮವಲ್ಲ. ರಕ್ಷಣೆಗೆಂದು ಒಪ್ಪಿದರೆ ತಿಳಿದು ಒಪ್ಪಲಿ, ಬಿಟ್ಟರೆ ತಿಳಿದು ಬಿಡಲಿ.

ತಿಂಗಳು ಕಳೆದ ಮೇಲೆ ಹಿರಿಯರು ಮೊಮ್ಮಗನಿಗೆ ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ. ಅವನೇ ಸಂಸ್ಥೆಯವರನ್ನು ಕೇಳಿಕೊಂಡು, ಆಯುಧದ ಕೊಂಡಿಯ ವಿಭಾಗವನ್ನು ಬಿಟ್ಟು, ವಿಮಾನದ ಗಾಲಿಗಳನ್ನು ಹೊರುವ ಭಾಗದ ಕೆಲಸಕ್ಕೆ ಸೇರಿದನು. ಚಾಲಕನನ್ನು ಸುರಕ್ಷಿತವಾಗಿ ನೆಲಕ್ಕೆ ಇಳಿಸುವ ಕೆಲಸವೆಂದು ತಾಯಿ ಸಮಾಧಾನಪಟ್ಟಳು. ಇಳಿದ ವಿಮಾನ ಮತ್ತೆ ಹೊರೆ ಹೇರಿಕೊಂಡು ಏರುವುದೂ ಅದೇ ಗಾಲಿಗಳ ಮೇಲೆಯೇ ಎಂಬುದನ್ನು ಹಿರಿಯರು ಬಲ್ಲರು; ಅವನೂ ಬಲ್ಲನು. ಲೆಕ್ಕದಲ್ಲಿ ಬಾಕಿ ಇಳಿಯಿತು, ತೀರಲಿಲ್ಲ. ಅಜ್ಜಿ ಒಂದು ಕರಾರು ಹಾಕಿದರು. ಪ್ರತಿ ದೀಪಾವಳಿಗೆ, ಹಳೆಯ ಖಾತೆ ಮುಗಿಸಿ ಹೊಸ ಪುಸ್ತಕಕ್ಕೆ ಪೂಜೆ ಸಲ್ಲಿಸುವ ದಿನ, ತಮ್ಮ ಪ್ರಶ್ನೆಗೆ ಅವನು ಉತ್ತರ ತರಬೇಕು.

2025ರ ದೀಪಾವಳಿಗೆ ಅವನು ತಂದ ಉತ್ತರ ಗ್ರಿಪೆನ್ನಿನದು. 1814ರಿಂದೀಚೆಗೆ ಯಾವ ದೇಶದೊಡನೆಯೂ ಯುದ್ಧಕ್ಕಿಳಿಯದ ಸ್ವೀಡನ್ ತನ್ನ ರಕ್ಷಣೆಗೆಂದು ಕಟ್ಟಿದ ವಿಮಾನವದು. ಸ್ವೀಡನ್ನಿನಿಂದ ಅದನ್ನು ಕೊಂಡಿದ್ದ ಥಾಯ್ಲೆಂಡ್, ಆ ವರ್ಷದ ಜುಲೈನಲ್ಲಿ ನಡೆದ ಗಡಿ ಕಾಳಗದಲ್ಲಿ ಕಾಂಬೋಡಿಯದ ಮೇಲಿನ ದಾಳಿಗೆ ಬಳಸಿತು. ಗ್ರಿಪೆನ್ ಯುದ್ಧದಲ್ಲಿ ಆಯುಧ ಪ್ರಯೋಗಿಸಿದ್ದು ಅದೇ ಮೊದಲೆಂದು ವರದಿಯಾಯಿತು. ಆಗಸ್ಟ್‌ನಲ್ಲಿ ಥಾಯ್ಲೆಂಡ್ ಮತ್ತೆ ನಾಲ್ಕು ಗ್ರಿಪೆನ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. "ಆ ಎರಡೂ ದೇಶದವರು ಯಾವ ಧರ್ಮದವರು?" ಎಂದು ಅಜ್ಜಿ ಕೇಳಿದರು. ಇಬ್ಬರೂ ಬುದ್ಧನನ್ನು ಪೂಜಿಸುವವರು ಎಂದನು ಮೊಮ್ಮಗ.

ಅಜ್ಜಿ ಏನೂ ಹೇಳದೆ ದೀಪದ ಬತ್ತಿಯನ್ನು ಸರಿಪಡಿಸಿದರು. ಹಿರಿಯರು ಹೊಸ ಪುಸ್ತಕದ ಮೊದಲ ಪುಟದಲ್ಲಿ ಎಂದಿನಂತೆ ಶ್ರೀಕಾರ ಬರೆದು, ಹಳೆಯ ಬಾಕಿಯನ್ನು ಮುಂದಕ್ಕೆ ಎಳೆದುಕೊಂಡರು.