ಕಾಸಿಮೇಡಿನ ಗೊಬ್ಬರ

ಮೂರು ತಲೆಮಾರಿನಿಂದ ಮೀನಿನ ವಾಸನೆ ಹೊಸಿಲು ದಾಟದ ಮನೆ ನಮ್ಮದು. ಅಂಥ ನಾವಿಬ್ಬರು, ಗಂಡ ಹೆಂಡತಿ, ಒಂದು ಭಾನುವಾರ ಬೆಳಗಿನ ಜಾವ ಮುಚ್ಚಳದ ಬಕೆಟ್ಟು ಹಿಡಿದು ಕಾಸಿಮೇಡಿಗೆ ಹೊರಟೆವೆಂದರೆ ಓದುಗರು ನಗಬಹುದು. ಸಂಘದ ಗೆಳೆಯರು ಈಗಾಗಲೇ ಸಾಕಷ್ಟು ನಕ್ಕಿದ್ದಾರೆ.

ಕಾರಣ, ಪೊನ್ನೇರಿಯ ಬಳಿಯ ನಮ್ಮ ಅರ್ಧ ಎಕರೆ. ಕುಂದಾಪುರದ ಕಡೆಯ ತೋಟ ಪಾಲಿನಲ್ಲಿ ಕೈಬಿಟ್ಟ ಮೇಲೆ ನಿವೃತ್ತಿಯ ಹಣದಿಂದ ಕೊಂಡದ್ದು. ಮಿಂಜೂರು, ಪೊನ್ನೇರಿ ಭಾಗದ ಕಥೆ ಮದರಾಸಿನ ಹಳಬರಿಗೆ ಗೊತ್ತು. ನಗರಕ್ಕೂ ಕಾರ್ಖಾನೆಗಳಿಗೂ ದಶಕಗಟ್ಟಲೆ ಅಂತರ್ಜಲವನ್ನು ಮೇಲೆತ್ತಿದ್ದರಿಂದ ಸಮುದ್ರದ ಉಪ್ಪುನೀರು ನೆಲದೊಳಗೆ ಮೈಲುಗಟ್ಟಲೆ ನುಗ್ಗಿದೆ. ನಮ್ಮ ಬಾವಿಯ ನೀರಿಗೂ ಉಪ್ಪಿನ ರುಚಿ. ಅದು ಸಾಲದೆಂಬಂತೆ ನಾವು ಯೂರಿಯಾ ಸುರಿದೆವು. ಮೊದಲ ವರ್ಷ ಬೆಂಡೆ ಸೊಗಸಾಗಿ ಬಂತು. ಮೂರನೆಯ ವರ್ಷ ಗುದ್ದಲಿ ಹಾಕಿದರೆ ನೆಲ ಠಣ್ಣೆಂದಿತು. ಹುಡುಕಿದರೂ ಒಂದು ಎರೆಹುಳ ಇಲ್ಲ. ನಿವೇಶನ ಮಾಡಿ ಮಾರುವ ದಲ್ಲಾಳಿ ಎರಡು ಸಲ ಬಂದು ಹೋದ. "ಕೊಟ್ಟುಬಿಡಿ ಅಪ್ಪಯ್ಯ" ಎಂದು ಮಗನೂ ಫೋನಿನಲ್ಲಿ ಹೇಳಿದ. ನಾವು ಕಾಗದಪತ್ರ ಹುಡುಕಿಟ್ಟಿದ್ದೂ ನಿಜ.

ತಡೆದವರು ಪಕ್ಕದ ಹೊಲದ ಹಿರಿಯರು. ಅವರು ನಮ್ಮಾಳ್ವಾರರ ಮಾತು ಕೇಳಿ ಬದಲಾದವರು. ನಮ್ಮಲ್ಲಿ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಹೇಗೋ, ತಮಿಳುನಾಡಿನಲ್ಲಿ ಸಾವಯವ ಬೇಸಾಯಕ್ಕೆ ಜಿ. ನಮ್ಮಾಳ್ವಾರ್ (1938-2013) ಹಾಗೆ. "ಒಂದು ಹಂಗಾಮು ನೀವು ತಿನ್ನಬೇಡಿ, ಮಣ್ಣು ತಿನ್ನಲಿ" ಎಂದರು ಹಿರಿಯರು. ಜೋಳ, ಸಜ್ಜೆ, ಉದ್ದು, ಹೆಸರು, ಎಳ್ಳು, ಹರಳು, ಸಾಸಿವೆ, ಕೊತ್ತಂಬರಿ, ಸೆಣಬು ಎಲ್ಲವನ್ನೂ ಬೆರೆಸಿ ಚೆಲ್ಲಿ, ಹೂಬಿಡುವ ಹೊತ್ತಿಗೆ, ಸುಮಾರು 50 ದಿನಕ್ಕೆ, ಹಾಗೆಯೇ ಮಗುಚಿ ಹಾಕಬೇಕು. ಎದೆಯೆತ್ತರ ನಿಂತ ಹಸುರನ್ನು ಮಣ್ಣುಪಾಲು ಮಾಡುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ? ಆಮೇಲೆ ನೆಲ ಬೋಳಾಗಿರಕೂಡದು, ತೆಂಗಿನ ಗರಿ, ಹುಲ್ಲು ಏನಾದರೂ ಹೊದಿಸಬೇಕು ಎಂದರು. ಬಿಸಿಲಿಗೆ ತೇವ ಆರಿದಂತೆ ಉಪ್ಪು ಮೇಲಕ್ಕೆ ಬಂದು ಕೂರುತ್ತದೆ, ಹೊದಿಕೆಯಿದ್ದರೆ ಅದು ಕಡಮೆ. ಕೊನೆಗೆ ಅವರು ಹೇಳಿದ್ದು "ಮೀನ್ ಅಮಿಲಂ". ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕಾಸಿಮೇಡಿನ ಈ ಬಂದರು 1984ರದ್ದು. ಭಾನುವಾರ ಅಲ್ಲಿ ಕಾಲಿಡಲು ಜಾಗವಿಲ್ಲ. ಮಂಜುಗಡ್ಡೆ ಕರಗಿದ ನೀರು, ಕೂಗಾಟ, ಹರಾಜು. ನಮ್ಮಲ್ಲಿ ಒಬ್ಬರು ಮೂಗಿಗೆ ಸೆರಗು, ಇನ್ನೊಬ್ಬರು ಕರವಸ್ತ್ರ ಹಿಡಿದು, ಮೀನು ಕೊಯ್ಯುತ್ತಿದ್ದ ಹೆಂಗಸೊಬ್ಬರ ಮುಂದೆ ನಿಂತೆವು. ತಲೆ, ಕರುಳು, ಕಿವಿರು ಸಾಕು ಎಂದೆವು. "ಬೆಕ್ಕಿಗಾ ಸಾಮಿ?" ಎಂದರು. ಐದು ಕಿಲೋ ಎಂದಾಗ, "ಎಷ್ಟು ಬೆಕ್ಕು?" ಗಿಡಕ್ಕೆಂದು ತಿಳಿದ ಮೇಲೆ ಕಾಸು ತೆಗೆದುಕೊಳ್ಳಲಿಲ್ಲ.

ಮೀನಿನ ತೂಕದಷ್ಟೇ ಬೆಲ್ಲ ಬೆರೆಸಿ ಮುಚ್ಚಿ ನೆರಳಿನಲ್ಲಿಡಬೇಕು. ನಾವು ಬೆಲ್ಲಕ್ಕೆ ಲೋಭ ಮಾಡಿದೆವು. ಹತ್ತನೆಯ ದಿನ ಮಹಡಿಯ ಮೇಲೆ ಹುಳುವೆದ್ದು, ಕೆಳಮನೆಯವರೊಂದಿಗೆ ಇಪ್ಪತ್ತು ವರ್ಷದ ಸ್ನೇಹಕ್ಕೇ ಕುತ್ತು ಬಂತು. ಎರಡನೆಯ ಸಲ ಸರಿಯಾಗಿ ತೂಗಿ, ಹೊಲದಲ್ಲೇ ಇಟ್ಟೆವು. ನಲವತ್ತು ದಿನಕ್ಕೆ ತೆರೆದರೆ, ನಂಬಿ, ಕಳಿತ ಹಣ್ಣಿನ ವಾಸನೆ! ಲೀಟರು ನೀರಿಗೆ 5ರಿಂದ 10 ಮಿಲಿ ಸಾಕು. ಹೆಚ್ಚಾದರೆ ಎಲೆ ಸುಡುತ್ತದೆ.

ಆ ದಿನ ನೆನಪಾದದ್ದು ಊರಿನ ತೆಂಗು. ಮದರಾಸು ಪ್ರಾಂತ್ಯದ ಕಾಲಕ್ಕೆ ದಕ್ಷಿಣ ಕನ್ನಡ, ಮಲಬಾರಿನ ಕರಾವಳಿಯಲ್ಲಿ ಬೂತಾಯಿ ಮೀನಿನ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರವಾಗಿ ಮಾರುವ ಕಾರ್ಖಾನೆಗಳಿದ್ದವು. ನಮ್ಮ ಅಜ್ಜನ ತೋಟಕ್ಕೂ ಆ ಗೊಬ್ಬರ ಬೀಳುತ್ತಿತ್ತು. ಆಳುಗಳು ಹಾಕುತ್ತಿದ್ದರು, ನಾವು ದೂರ ನಿಂತು ಎಳನೀರು ಕುಡಿಯುತ್ತಿದ್ದೆವು.

ಮೂರು ವರ್ಷವಾಯಿತು. ಮೀನಿನ ನೀರಿಗಿಂತ ಹೊದಿಕೆಯೇ ಹೆಚ್ಚು ಕೆಲಸ ಮಾಡಿದೆಯೆಂದು ನಮ್ಮ ಅನಿಸಿಕೆ. ಬಾವಿಯ ಉಪ್ಪು ಹಾಗೆಯೇ ಇದೆ, ಅದು ನಮ್ಮ ಅರ್ಧ ಎಕರೆಯಿಂದ ತೀರುವುದಲ್ಲ. ಆದರೆ ಮಳೆ ಇಂಗುತ್ತದೆ. ಗರಿ ಎತ್ತಿದರೆ ಎರೆಹುಳದ ಹಿಕ್ಕೆ ಕಾಣುತ್ತದೆ. ಕಳೆದ ಐಪ್ಪಸಿಯ ಮಳೆಯಲ್ಲಿ ದಲ್ಲಾಳಿ ಮತ್ತೆ ಬಂದಿದ್ದ. ಅವನ ಚಪ್ಪಲಿ ಮೆತ್ತನೆಯ ಮಣ್ಣಿನಲ್ಲಿ ಹೂತುಹೋಯಿತು. ನಾವೇ ಕಿತ್ತು, ತೊಳೆದು ಕೊಟ್ಟು, ಎರಡು ಬದನೆಕಾಯಿ ಕೈಯಲ್ಲಿಟ್ಟು ಕಳಿಸಿದೆವು.

ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಷ್ಟರೊಳಗೆ ಒಂದು ಪೀಪಾಯಿ ತುಂಬಿಸಬೇಕು. ಬೆಲ್ಲ ತಂದಾಗಿದೆ.